ಒಳಗೆ ಹೋದ ಗಾಳಿ ಎಲ್ಲಿ ಹೋಯಿತು? ಕಲ್ಲಿದ್ದಲು ಪದರದಲ್ಲಿ ನಡೆಸಿದ ಒಂದು ಪರೀಕ್ಷೆ

ಬೋರ್‌ವೆಲ್ ಕೊರೆಸಿದವರು ಇದನ್ನು ಒಮ್ಮೆಯಾದರೂ ನೋಡಿರುತ್ತಾರೆ. ನಮ್ಮ ಹೊಲದಲ್ಲಿ ಲಾರಿ ನಿಂತು ಕಂಪ್ರೆಸರ್ ಗಾಳಿ ಹೊಡೆಯುತ್ತಿರುತ್ತದೆ, ಪಕ್ಕದ ಹೊಲದ ಹಳೇ ಬೋರ್ ಬಾಯಿಂದ ಕೆಸರು ನೀರು ಉಕ್ಕುತ್ತದೆ. ಪಕ್ಕದವರು ಜಗಳಕ್ಕೆ ಬರುತ್ತಾರೆ. ನೆಲದೊಳಗೆ ಎರಡೂ ಬೋರ್‌ಗೆ ಒಂದೇ ಬಿರುಕು ತಗುಲಿದೆ ಅಂತ ಆಗ ಗೊತ್ತಾಗುತ್ತದೆ. ನಾನು ಹೇಳಹೊರಟಿರುವ ಪರೀಕ್ಷೆಯೂ ಹೆಚ್ಚುಕಡಿಮೆ ಇದೇ. ಆದರೆ ಇಲ್ಲಿ ಪಕ್ಕದ ಬೋರ್ ಉಕ್ಕಲಿ ಅಂತಲೇ ಗಾಳಿ ಹೊಡೆಯುತ್ತೇವೆ. ಉಕ್ಕದಿದ್ದರೆ ನಿದ್ದೆ ಬರುವುದಿಲ್ಲ.

ಜಾಗ, ಕಂಪನಿ, ಜನ ಯಾರ ಹೆಸರನ್ನೂ ಹೇಳುವುದಿಲ್ಲ. ಪೂರ್ವ ಭಾರತದ ಒಂದು ಕಲ್ಲಿದ್ದಲು ಬ್ಲಾಕ್ ಅಂದರೆ ಸಾಕು. ಗುರುತು ಸಿಗಬಾರದು ಅಂತ ಆಳ, ಅಂತರ, ಒತ್ತಡದ ಅಂಕಿಗಳನ್ನು ಸ್ವಲ್ಪ ರೌಂಡ್ ಮಾಡಿದ್ದೇನೆ. ಇದರಲ್ಲಿ ಬರುವ ತಪ್ಪುಗಳಲ್ಲಿ ದೊಡ್ಡದೊಂದು ನನ್ನದೇ, ಅದನ್ನು ಮಾತ್ರ ರೌಂಡ್ ಮಾಡಿಲ್ಲ.

ಮೊದಲು ವಿಷಯ ಏನು ಅಂತ

ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಇಲ್ಲ. ರಾಯಚೂರು, ಬಳ್ಳಾರಿಯ ವಿದ್ಯುತ್ ಸ್ಥಾವರಗಳಿಗೆ ಅದು ಹೊರಗಿನಿಂದ ರೈಲಿನಲ್ಲಿ ಬರುತ್ತದೆ. ಹಾಗಾಗಿ ಭೂಗತ ಕಲ್ಲಿದ್ದಲು ಅನಿಲೀಕರಣ ಅನ್ನುವ ಮಾತು ನಮ್ಮಲ್ಲಿ ಕಿವಿಗೆ ಬೀಳುವುದು ಕಮ್ಮಿ. ಕಲ್ಲಿದ್ದಲನ್ನು ಅಗೆದು ತೆಗೆಯದೆ, ಇದ್ದಲ್ಲೇ ಅರೆಬರೆ ಉರಿಸಿ, ಅನಿಲ ಮಾಡಿ ಮೇಲೆ ತರುವ ಕೆಲಸ ಇದು. ಒಂದು ಬೋರ್‌ನಿಂದ ಗಾಳಿಯನ್ನೋ ಆಮ್ಲಜನಕ ಮತ್ತು ಉಗಿಯನ್ನೋ ಒಳಗೆ ಕಳಿಸುತ್ತಾರೆ. ಇನ್ನೊಂದು ಬೋರ್‌ನಿಂದ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್, ಸ್ವಲ್ಪ ಮೀಥೇನ್, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತದೆ. ಹೊಸ ಯೋಚನೆ ಏನಲ್ಲ. 1868ರಲ್ಲೇ ವಿಲಿಯಂ ಸೀಮನ್ಸ್ ಇದನ್ನು ಹೇಳಿದ್ದರು, 1888ರಲ್ಲಿ ಮೆಂಡಲೀವ್ ಬರೆದಿದ್ದರು. ಉಜ್ಬೆಕಿಸ್ತಾನದ ಅಂಗ್ರೆನ್‌ನಲ್ಲಿ 1961ರಿಂದ ಇದೇ ರೀತಿ ಅನಿಲ ತೆಗೆದು ವಿದ್ಯುತ್ ಸ್ಥಾವರಕ್ಕೆ ಕೊಟ್ಟಿದ್ದಾರೆ. ನಮ್ಮ ದೇಶದಲ್ಲಿ ಗುಜರಾತ್‌ನ ವಸ್ತಾನ್‌ನಲ್ಲಿ ಓಎನ್‌ಜಿಸಿ ರಷ್ಯಾದ ಸ್ಕೋಚಿನ್ಸ್ಕಿ ಸಂಸ್ಥೆ ಜೊತೆ ಸೇರಿ ವರ್ಷಗಟ್ಟಲೆ ತಯಾರಿ ನಡೆಸಿತು. 2024ರ ಜೂನ್‌ನಲ್ಲಿ ಜಾರ್ಖಂಡ್‌ನ ಜಾಮ್‌ತಾರಾ ಜಿಲ್ಲೆಯ ಕಾಸ್ತಾ ಬ್ಲಾಕ್‌ನಲ್ಲಿ ಪೈಲಟ್ ಯೋಜನೆ ಶುರುವಾಯಿತು. ನಾನು ಹೇಳುವ ಜಾಗ ಇವೆರಡೂ ಅಲ್ಲ.

ಕಷ್ಟ ಇರುವುದು ಎರಡು ಬೋರ್‌ಗಳ ನಡುವೆ. ಕಲ್ಲಿದ್ದಲಿನ ಗಟ್ಟಿ ಭಾಗದಲ್ಲಿ ಗಾಳಿ ಹರಿಯುವುದೇ ಇಲ್ಲ ಅನ್ನಬಹುದು. ಅದು ಹರಿಯುವುದು ಕೂದಲೆಳೆಯಂಥ ಬಿರುಕುಗಳಲ್ಲಿ. ಇವಕ್ಕೆ ಕ್ಲೀಟ್ ಅನ್ನುತ್ತಾರೆ. ಒಂದು ದಿಕ್ಕಿನ ಬಿರುಕುಗಳು ಉದ್ದಕ್ಕೆ ಓಡುತ್ತವೆ, ಅಡ್ಡ ದಿಕ್ಕಿನವು ತುಂಡು ತುಂಡಾಗಿ ಇವಕ್ಕೆ ಬಂದು ಸೇರುತ್ತವೆ. ಸೌದೆ ಸೀಳುವವರಿಗೆ ನಾರಿನ ದಿಕ್ಕು ಗೊತ್ತಿರುವ ಹಾಗೆ ಈ ಕೆಲಸದಲ್ಲಿ ಕ್ಲೀಟಿನ ದಿಕ್ಕು ಗೊತ್ತಿರಬೇಕು. ಆ ಬಿರುಕುಗಳಲ್ಲೂ ಮೊದಲಿಗೆ ಇರುವುದು ನೀರು, ಗಾಳಿ ಅಲ್ಲ. ಅನಿಲೀಕರಣಕ್ಕೆ ಬೇಕಾದಷ್ಟು ಗಾಳಿ ಈ ಬಿರುಕುಗಳಲ್ಲಿ ಹೋಗುವುದಿಲ್ಲ, ಅದಕ್ಕೇ ಒಂದು ದಾರಿ ಮಾಡಬೇಕು. ನಾವು ಇಟ್ಟುಕೊಂಡಿದ್ದು ಹಿಮ್ಮುಖ ಉರಿಯ ವಿಧಾನ. ಒಂದು ಬೋರ್‌ನಲ್ಲಿ ಬೆಂಕಿ ಹಚ್ಚಿ, ಇನ್ನೊಂದರಿಂದ ಗಾಳಿ ಕೊಡುವುದು. ಬೆಂಕಿ ಗಾಳಿ ಬರುವ ಕಡೆಗೆ ತೆವಳುತ್ತಾ ದಾರಿ ಸುಟ್ಟುಕೊಂಡು ಬರುತ್ತದೆ. ದಾರಿ ತೆರೆದ ಗಳಿಗೆಯಲ್ಲಿ ಒತ್ತಡ ದಿಢೀರನೆ ಇಳಿದು ಹರಿವು ಏರುತ್ತದೆ. ಆದರೆ ಬೆಂಕಿ ತೆವಳಲು ಬೇಕಾದಷ್ಟು ಗಾಳಿಯಾದರೂ ಮೊದಲೇ ಹರಿಯುತ್ತಿರಬೇಕಲ್ಲ? ಅದನ್ನು ನೋಡುವುದಕ್ಕೇ ಈ ಪರೀಕ್ಷೆ.

ಐದು ಬೋರ್, ಎರಡು ರಿಜಿಸ್ಟರ್

ಪದರ ಇದ್ದದ್ದು ಸುಮಾರು 120 ಮೀಟರ್ ಆಳದಲ್ಲಿ, ದಪ್ಪ 6 ಮೀಟರ್. ಅದರ ಮೇಲೆ 9 ಮೀಟರ್ ಶೇಲ್ ಅನ್ನುವ ಜೇಡಿಗಲ್ಲು, ಅದರ ಮೇಲೆ ನೀರು ತುಂಬಿದ ಮರಳುಗಲ್ಲು. ನಡುವೆ ಒಂದು ಬೋರ್, ಅದರ ಸುತ್ತ ನಾಲ್ಕು ದಿಕ್ಕಿಗೆ 15 ಮೀಟರ್ ದೂರದಲ್ಲಿ ನಾಲ್ಕು. ಐದಕ್ಕೂ ಪದರದ ನೆತ್ತಿವರೆಗೆ ಕಬ್ಬಿಣದ ಕೇಸಿಂಗ್ ಕೊಳವೆ ಇಳಿಸಿ, ಹೊರಗಿನ ಸಂದಿಗೆ ಸಿಮೆಂಟ್ ತುಂಬಿ, ಪದರದೊಳಗೆ ಮಾತ್ರ ಬಾಯಿ ತೆರೆದಿಟ್ಟೆವು. ಇದಲ್ಲದೆ 25 ಮೀಟರ್ ದೂರದಲ್ಲಿ ಮರಳುಗಲ್ಲಿನ ನೀರಿನ ಮಟ್ಟ ನೋಡಲು ಒಂದು ಚಿಕ್ಕ ಬೋರ್. ಅದು ಅನುಮತಿ ಪತ್ರದಲ್ಲಿ ಕೇಳಿದ್ದಾರೆ ಅಂತ ಹಾಕಿದ್ದು. ವಾರಕ್ಕೊಮ್ಮೆ ಟೇಪ್ ಇಳಿಸಿ ಬರೆದುಕೊಂಡರೆ ಮುಗಿಯಿತು ಅಂದುಕೊಂಡಿದ್ದೆವು.

ನಡುವಿನ ಬೋರ್‌ಗೆ ಗಾಳಿ ಕೊಡುವ ಕೆಲಸ ಕಂಪ್ರೆಸರ್ ಗುತ್ತಿಗೆದಾರರದು. ಅವರ ಲೆಕ್ಕ ಸಿಎಫ್‌ಎಂನಲ್ಲಿ, ಅಂದರೆ ನಿಮಿಷಕ್ಕಿಷ್ಟು ಘನ ಅಡಿ. ಸುತ್ತಲಿನ ನಾಲ್ಕು ಬೋರ್‌ಗಳಿಂದ ಹೊರಬರುವ ಗಾಳಿ ಅಳೆಯುವುದು ನಮ್ಮ ಕೆಲಸ. ನಮ್ಮ ಲೆಕ್ಕ ಹರಿವು ಅಳೆಯುವ ರೋಟಾಮೀಟರ್‌ನ ನಿಮಿಷಕ್ಕಿಷ್ಟು ಲೀಟರ್‌ನಲ್ಲಿ. ಅವರ ರಿಜಿಸ್ಟರ್ ಅವರ ಶೆಡ್‌ನಲ್ಲಿ, ನಮ್ಮದು ನಮ್ಮ ಶೆಡ್‌ನಲ್ಲಿ. ನಡುವೆ ಐವತ್ತು ಹೆಜ್ಜೆ ಅಷ್ಟೆ. ಇಡೀ ಪ್ರಕರಣದಲ್ಲಿ ನನಗೆ ಈಗಲೂ ಚುಚ್ಚುವುದು ಆ ಐವತ್ತು ಹೆಜ್ಜೆ. ಗುತ್ತಿಗೆದಾರರಿಗೆ ಗಾಳಿ ಜಾಸ್ತಿ ಹೋದಷ್ಟೂ ಬಿಲ್ ಜಾಸ್ತಿ ಅನ್ನುವುದು ಬೇರೆ ವಿಷಯ. ಅವರು ಸುಳ್ಳು ಬರೆದಿರಲಿಲ್ಲ, ಅದನ್ನು ಹೇಳಲೇಬೇಕು.

ಮೊದಲ ದಿನ 8 ಬಾರ್ ಒತ್ತಡ ಕೊಟ್ಟೆವು. ಏನೂ ಹೋಗಲಿಲ್ಲ. ಹೋಗಲೂ ಬಾರದು. ನೀರಿನ ಮಟ್ಟ ನೆಲದಿಂದ 15 ಮೀಟರ್ ಕೆಳಗಿತ್ತು. ಅಂದರೆ ಪದರದ ಮೇಲೆ ನೂರೈದು ಮೀಟರ್ ನೀರಿನ ಭಾರ, ಲೆಕ್ಕ ಹಾಕಿದರೆ ಹತ್ತು ಬಾರ್‌ಗೂ ಚೂರು ಮೇಲೆ. ಅದನ್ನು ಮೀರದೆ ಗಾಳಿ ಬಿರುಕಿನ ನೀರನ್ನು ಅಲುಗಿಸಲಾರದು. ಎರಡನೇ ದಿನ 12 ಬಾರ್‌ಗೆ 7 ಸಿಎಫ್‌ಎಂ ಹೋಯಿತು, ಗಂಟೆಗೆ ಸುಮಾರು 12 ಘನ ಮೀಟರ್. ಒಂಬತ್ತನೇ ದಿನಕ್ಕೆ ಅದೇ ಒತ್ತಡದಲ್ಲಿ 18 ಸಿಎಫ್‌ಎಂ, ಅಂದರೆ ಗಂಟೆಗೆ 30 ಘನ ಮೀಟರ್. ನೀರು ಸರಿದಂತೆ ಗಾಳಿಗೆ ಜಾಗ ಆಗುತ್ತದೆ, ಆದ್ದರಿಂದ ಹರಿವು ದಿನೇ ದಿನೇ ಏರುವುದು ಸಹಜ. ಮೊದಲ ಎರಡು ದಿನದ ಅಂಕಿ ಹಿಡಿದು ಪದರ ಒಳ್ಳೆಯದು, ಕೆಟ್ಟದು ಅನ್ನುವವರನ್ನು ನಂಬಬೇಡಿ. ಅವರು ಅಳೆಯುತ್ತಿರುವುದು ನೀರು ಎಷ್ಟು ಸರಿದಿದೆ ಅನ್ನುವುದನ್ನು.

ಹೊರಗೆ ಬಂದದ್ದು ಎಷ್ಟು? ನಾಲ್ಕೂ ಸೇರಿ ನಿಮಿಷಕ್ಕೆ 150 ಲೀಟರ್. ಪೂರ್ವದ ಬೋರ್‌ನಲ್ಲಿ 95, ಪಶ್ಚಿಮದಲ್ಲಿ 35, ಉತ್ತರದಲ್ಲಿ 15, ದಕ್ಷಿಣದಲ್ಲಿ 5. ಗಂಟೆ ಲೆಕ್ಕಕ್ಕೆ ತಂದರೆ 9 ಘನ ಮೀಟರ್. ಮೂವತ್ತು ಒಳಗೆ, ಒಂಬತ್ತು ಹೊರಗೆ. ಈಗ ಹೀಗೆ ಪಕ್ಕಪಕ್ಕ ಬರೆದರೆ ಕಣ್ಣಿಗೆ ಹೊಡೆಯುತ್ತದೆ, ಅಲ್ವಾ? ಆಗ ಯಾರೂ ಬರೆದಿರಲಿಲ್ಲ. ಒಂದು ಸಿಎಫ್‌ಎಂನಲ್ಲಿ, ಇನ್ನೊಂದು ಲೀಟರ್‌ನಲ್ಲಿ, 18 ಮತ್ತು 150. ನೋಡಿದವರಿಗೆ ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದೇ ದೊಡ್ಡದಾಗಿ ಕಾಣುತ್ತಿತ್ತು.

ಆ ರಾತ್ರಿ

ಬೆಂಕಿ ಹಚ್ಚಲು ದಿನ ಗೊತ್ತಾಗಿತ್ತು. ದೊಡ್ಡವರು ಬರುವವರಿದ್ದರು, ಶಾಮಿಯಾನದವನಿಗೂ ಹೇಳಿ ಆಗಿತ್ತು. ಹದಿನೆಂಟು ಸಿಎಫ್‌ಎಂ ಹಿಮ್ಮುಖ ಉರಿಗೆ ಸಾಲದು, ಒತ್ತಡ ಏರಿಸಿ ಅಂತ ಪ್ರಾಜೆಕ್ಟ್ ಮುಖ್ಯಸ್ಥರು ಹೇಳಿದರು. ಆ ಮಾತಿನಲ್ಲಿ ಅರ್ಥ ಇಲ್ಲದೆ ಇರಲಿಲ್ಲ. 120 ಮೀಟರ್ ಬಂಡೆಯ ಭಾರ ಸುಮಾರು 27 ಬಾರ್ ಆಗುತ್ತದೆ. 19ರವರೆಗೆ ಹೋದರೆ ಬಂಡೆ ಎತ್ತಿದ ಹಾಗಾಗುವುದಿಲ್ಲ, ಕ್ಲೀಟುಗಳು ಸ್ವಲ್ಪ ಬಾಯಿ ಬಿಡುತ್ತವೆ ಅನ್ನುವುದು ಅವರ ಲೆಕ್ಕ. ನಾನೂ ತಲೆಯಾಡಿಸಿದೆ.

ಹನ್ನೊಂದನೇ ದಿನದ ರಾತ್ರಿ, ಎರಡು ಗಂಟೆ ಹೊತ್ತಿಗೆ, 19 ಬಾರ್ ತಲುಪಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಗೇಜಿನ ಮುಳ್ಳು ಸರ್ರನೆ 13ಕ್ಕೆ ಇಳಿಯಿತು, ಕಂಪ್ರೆಸರ್ ಸದ್ದು ಬದಲಾಯಿತು, ಹರಿವು 105 ಸಿಎಫ್‌ಎಂ. ಶೆಡ್‌ನಲ್ಲಿ ಕೇಕೆ. ಯಾರೋ ಚಹಾ ಅಂಗಡಿಯವನನ್ನು ಎಬ್ಬಿಸಲು ಓಡಿದರು. ಒತ್ತಡ ಇಳಿದು ಹರಿವು ಏರಿದರೆ ದಾರಿ ತೆರೆದಿದೆ ಅಂತ ಪುಸ್ತಕದಲ್ಲೇ ಇದೆಯಲ್ಲ. ಬೆಂಕಿ ಹಚ್ಚುವ ಮುಂಚೆಯೇ ದಾರಿ ತೆರೆದುಕೊಂಡಿದೆ, ಇದಕ್ಕಿಂತ ಅದೃಷ್ಟ ಬೇಕಾ! ನಾನೂ ಕೇಕೆ ಹಾಕಿದವರಲ್ಲಿ ಒಬ್ಬ.

ನಮ್ಮಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಟ್ರೇನಿ ಹುಡುಗಿ ಇದ್ದಳು. ಬೆಳಿಗ್ಗೆ ಏಳಕ್ಕೆ ಒಂದು ಹಾಳೆ ಹಿಡಿದು ಬಂದಳು. ರಾತ್ರಿ ನಿದ್ದೆ ಬರದೆ ಎರಡೂ ರಿಜಿಸ್ಟರ್ ತಂದಿಟ್ಟುಕೊಂಡು ಎಲ್ಲವನ್ನೂ ಗಂಟೆಗಿಷ್ಟು ಘನ ಮೀಟರ್‌ಗೆ ಬದಲಾಯಿಸಿ ಒಂದೇ ಪಟ್ಟಿ ಮಾಡಿದ್ದಳು.

"ಸರ, ಇದನ್ನೊಂದ್ ಸ್ವಲ್ಪ ನೋಡ್ರಿ. ಒಳಗ 180 ಹೊಂಟೈತಿ. ಹೊರಗ 11 ಅಷ್ಟ ಬರಾಕತ್ತೈತಿ."

ಗಾಳಿ ಪದರದೊಳಗೇ ದೂರಕ್ಕೆ ಹೋಗುತ್ತಿರಬಹುದು, ಖಾಲಿ ಬಿರುಕು ತುಂಬುತ್ತಿರಬಹುದು ಅಂದೆ. ಅವಳು ಅದಕ್ಕೂ ಲೆಕ್ಕ ತಂದಿದ್ದಳು. ನಾಲ್ಕು ಬೋರ್‌ಗಳ ನಡುವಿನ ಪದರದಲ್ಲಿ ನೂರಕ್ಕೆ ಎರಡು ಪಾಲು ಬಿರುಕು ಅಂತ ಹಿಡಿದರೂ, ಅದರ ನೀರೆಲ್ಲ ಹೋಗಿ ಗಾಳಿಯೇ ತುಂಬಿದರೂ, ಆ ಒತ್ತಡದಲ್ಲಿ ಹಿಡಿಯುವುದು ಸುಮಾರು ಸಾವಿರ ಘನ ಮೀಟರ್. ಮೊದಲ ಒಂಬತ್ತು ದಿನದಲ್ಲೇ ಮೂರು ಸಾವಿರ ಲೆಕ್ಕಕ್ಕೆ ಸಿಗದೆ ಹೋಗಿತ್ತು. ಪದರ ಅಲ್ಲಿಗೇ ನಿಲ್ಲುವುದಿಲ್ಲ, ಆಚೆಗೂ ಹಬ್ಬಿದೆ ಅನ್ನುವ ನನ್ನ ಮಾತೂ ಸುಳ್ಳಲ್ಲ. ಆದರೆ ಈ ಮಾತನ್ನು ನಂಬಬೇಕಾದರೆ ಬೇರೆ ದಾರಿ ಇಲ್ಲ ಅಂತ ತೋರಿಸಬೇಕು. ಆಗ ನೆನಪಾಗಿದ್ದು ಮರಳುಗಲ್ಲಿನ ಬೋರ್.

ಟೇಪ್ ಇಳಿಸಿದೆವು. ನೀರು 1.7 ಮೀಟರ್ ಮೇಲೆ ಬಂದಿತ್ತು.

ಹಿಂದಿನ ವಾರದ ಪುಟ ತಿರುಗಿಸಿದರೆ ಅಲ್ಲೂ 30 ಸೆಂಟಿಮೀಟರ್ ಏರಿಕೆ. ಪಕ್ಕದಲ್ಲಿ ನನ್ನದೇ ಕೈಬರಹ: ಮಳೆ. "ಮಳಿ ನಿಂತು ಭಾಳ ದಿನ ಆಗಿತ್ತಲ್ರೀ ಸರ ಆವಾಗ," ಅಂದಳು ಮೆಲ್ಲಗೆ. ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿದ ಹಾಗೆ ನಾನು ಮಳೆ ಮೂತಿಗೆ ಒರೆಸಿದ್ದೆ.

ಬೆಂಕಿ ಹಚ್ಚಬೇಕೋ ಬೇಡವೋ

ಎರಡು ದಿನ ಜಗಳ ನಡೆಯಿತು. ಬೆಂಕಿ ಹಚ್ಚಿದರೆ ಡಾಂಬರಿನಂಥ ಟಾರ್ ಬಂದು ಸಣ್ಣ ಸೋರಿಕೆ ತಾನೇ ಮುಚ್ಚಿಕೊಳ್ಳುತ್ತದೆ ಅನ್ನುವುದು ಒಂದು ಗುಂಪಿನ ವಾದ. ಮುಚ್ಚಿಕೊಳ್ಳಲೂಬಹುದು. ಆದರೆ ಈಗ ಸೋರುತ್ತಿರುವುದು ಬರೀ ಗಾಳಿ, ಬೆಂಕಿ ಹಚ್ಚಿದ ಮೇಲೆ ಸೋರುವುದು ಬೆಂಜೀನ್ ಮತ್ತು ಫೀನಾಲ್ ಸೇರಿದ ಅನಿಲ. ಆ ಮರಳುಗಲ್ಲಿನ ನೀರನ್ನೇ ಆಚೆ ಊರಿನ ಕೈಪಂಪುಗಳು ಎತ್ತುವುದು.

ಸಭೆಗೆ ನಾನು ತೆಗೆದುಕೊಂಡು ಹೋಗಿದ್ದು ಹೋ ಕ್ರೀಕ್ ಕಥೆ. ಅಮೆರಿಕದ ವಯೋಮಿಂಗ್‌ನಲ್ಲಿ 1976ರಿಂದ 1979ರವರೆಗೆ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಅಲ್ಲಿ ಮೂರು ಪ್ರಯೋಗ ಮಾಡಿದರು. ಬೋರ್ ಜೋಡಿಸಲು ಮೊದಲ ಸಲ ಸ್ಫೋಟಕ, ಎರಡನೇ ಸಲ ಹಿಮ್ಮುಖ ಉರಿ, ಮೂರನೇ ಸಲ ಪದರದೊಳಗೇ ಅಡ್ಡ ಕೊರೆದ ಬೋರ್. ಅನಿಲ ಬಂತು. ಆದರೆ ಸುತ್ತಲಿನ ನೀರಿಗಿಂತ ಒಳಗಿನ ಒತ್ತಡ ಜಾಸ್ತಿ ಇದ್ದದ್ದರಿಂದ ಅನಿಲ ಹೊರಗೂ ನುಗ್ಗಿತು, ಚಾವಣಿ ಕುಸಿದು ಮೇಲಿನ ಪದರಕ್ಕೂ ದಾರಿಯಾಯಿತು, ಅಂತರ್ಜಲ ಕೆಟ್ಟಿತು. ಅದನ್ನು ಸ್ವಚ್ಛ ಮಾಡುವ ಕೆಲಸ ಪ್ರಯೋಗಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಾಲ ಹಿಡಿಯಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ಈ ಕೆಲಸವನ್ನೇ ನಿಷೇಧಿಸಿತು. ಅಲ್ಲಿನ ಚಿಂಚಿಲ್ಲಾದಲ್ಲಿ ಪ್ರಯೋಗ ಮಾಡಿದ ಕಂಪನಿಗೆ 2018ರಲ್ಲಿ ಕೋರ್ಟು 45 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಅಲ್ಲೂ ಒಂದು ಆರೋಪ ಇದೇ: ಒತ್ತಡ ಜಾಸ್ತಿ ಮಾಡಿ ಮೇಲಿನ ಬಂಡೆ ಒಡೆದದ್ದು.

ಇಲ್ಲಿ ಒಂದು ವಿಚಿತ್ರ ಇದೆ, ಹೊಸಬರು ಎಡವುವುದೂ ಇಲ್ಲೇ. ಉರಿಯುವಾಗ ಒಳಗಿನ ಒತ್ತಡ ಸುತ್ತಲಿನ ನೀರಿನ ಒತ್ತಡಕ್ಕಿಂತ ಕಡಿಮೆ ಇರಬೇಕು, ಆಗ ನೀರು ಒಳಗೆ ಬರುತ್ತದೆ, ಕೊಳೆ ಹೊರಗೆ ಹೋಗುವುದಿಲ್ಲ. ಗಾಳಿ ಪರೀಕ್ಷೆಯಲ್ಲಿ ಮಾತ್ರ ನೀರನ್ನು ತಳ್ಳಲೇಬೇಕು, ಹಾಗಾಗಿ ಒತ್ತಡ ಜಾಸ್ತಿ ಇರಲೇಬೇಕು. ಪರೀಕ್ಷೆಯ ಹೊತ್ತಿನಲ್ಲೇ ನಾವು ಮುಂದಿನ ನಿಯಮ ಮುರಿದಿರುತ್ತೇವೆ. ಬೇಕಾಗುವುದು ಒಂದು ಎರಡು ಬಾರ್ ಹೆಚ್ಚು. ನಾವು ಕೊಟ್ಟದ್ದು ಒಂಬತ್ತು ಬಾರ್ ಹೆಚ್ಚು.

ಕೊನೆಗೆ ಮುಖ್ಯಸ್ಥರು ನಾಲ್ಕು ದಿನ ಕೊಟ್ಟರು. ಅವರನ್ನು ಬೈಯುವುದು ಸುಲಭ, ಆದರೆ ಶಾಮಿಯಾನ ವಾಪಸ್ ಕಳಿಸಿ ಮೇಲಿನವರ ಹತ್ತಿರ ಬೈಸಿಕೊಂಡವರು ಅವರೇ. ನಡುವಿನ ಬೋರ್‌ಗೆ ಗಾಳಿಯ ಜೊತೆ ಹೀಲಿಯಂ ಬಿಟ್ಟೆವು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾನಲ್ಲ, ಇದೂ ಅಷ್ಟೇ. 15 ಮೀಟರ್ ದೂರದ ಪೂರ್ವದ ಬೋರ್‌ನಲ್ಲಿ ಹೀಲಿಯಂ ಕಾಣಲು 11 ಗಂಟೆ ಹಿಡಿಯಿತು. 25 ಮೀಟರ್ ದೂರದ, ಪದರಕ್ಕೆ ಸಂಬಂಧವೇ ಇಲ್ಲದ ಮರಳುಗಲ್ಲಿನ ಬೋರ್‌ನಲ್ಲಿ ಮೂರು ಗಂಟೆ ಸಾಕಾಯಿತು. ಆಮೇಲೆ ವಾದ ನಿಂತಿತು.

ಗಾಳಿ ಬಂಡೆ ಒಡೆದು ಹೋಯಿತೋ, ಕೇಸಿಂಗ್ ಹೊರಗಿನ ಸಂದಿಯಲ್ಲಿ ಹೋಯಿತೋ? ಸಿಮೆಂಟ್ ಅಂಟಿದೆಯೋ ಇಲ್ಲವೋ ಅಂತ ನೋಡುವ ಸಿಮೆಂಟ್ ಬಾಂಡ್ ಲಾಗ್ ಉಪಕರಣ ಇಳಿಸಿದರೆ ಕೆಳಗಿನ 7 ಮೀಟರ್‌ನಲ್ಲಿ ಸಿಮೆಂಟ್ ಕಬ್ಬಿಣಕ್ಕೆ ಅಂಟಿಯೇ ಇರಲಿಲ್ಲ. ಶೇಲ್ ಕುಸಿದು ಬೋರ್ ಅಗಲ ಆಗಿತ್ತು, ಗೋಡೆಯ ಕೆಸರು ಸರಿಯಾಗಿ ತೊಳೆದಿರಲಿಲ್ಲ. ಅದಕ್ಕಿಂತ ಮುಖ್ಯ, ಸಿಮೆಂಟ್ ಗಟ್ಟಿಯಾಗಲು ಕಾದದ್ದು 14 ಗಂಟೆ ಮಾತ್ರ. ರಿಗ್ ಇನ್ನೊಂದು ಬೋರ್‌ಗೆ ಹೋಗಬೇಕಿತ್ತು. ನಮ್ಮ ಡ್ರಿಲ್ಲರ್ ದಾದಾ ಆಗಲೇ ಬೇಡ ಅಂದಿದ್ದರು. ಪರವಾಗಿಲ್ಲ ಅಂತ ಸಹಿ ಹಾಕಿದ್ದು ನಾನು. 12 ಬಾರ್‌ನಲ್ಲಿ ಸಣ್ಣಗೆ ಸೋರುತ್ತಿದ್ದದ್ದು 19 ಬಾರ್‌ನಲ್ಲಿ ಬಾಯಿಬಿಟ್ಟಿತು. ತೆರೆದದ್ದು ಪದರದ ದಾರಿಯಲ್ಲ, ನನ್ನ ಸಹಿಯ ದಾರಿ.

ಆಮೇಲೆ

ಮೊದಲು ರಿಪೇರಿ ಪ್ರಯತ್ನ. ಕೇಸಿಂಗ್‌ಗೆ ತೂತು ಮಾಡಿ ಒತ್ತಡದಲ್ಲಿ ಸಿಮೆಂಟ್ ತುಂಬಿದೆವು. 12 ಬಾರ್‌ಗೆ ಮತ್ತೆ ಸೋರಿತು. ಇನ್ನೊಮ್ಮೆ ಮಾಡೋಣ ಅಂದವರಿದ್ದರು. ಆ ಬೋರ್‌ಗೆ ಅಲ್ಲಿವರೆಗೆ ಸುರಿದ ದುಡ್ಡು ನೋಡಿ ಹಾಗೆ ಅನ್ನಿಸುವುದು ಸಹಜ, ಆದರೆ ಒಡೆದ ಕೊಡಕ್ಕೆ ಎಷ್ಟು ಸಲ ಮೇಣ ಮೆತ್ತುವುದು? ತಳದಿಂದ ಬಾಯಿವರೆಗೆ ಸಿಮೆಂಟ್ ತುಂಬಿ ಕೈಬಿಟ್ಟೆವು.

ಹೊಸ ಬೋರ್ ಎಲ್ಲಿ ಅನ್ನುವ ಪ್ರಶ್ನೆಗೆ ಸೋತ ಪರೀಕ್ಷೆಯೇ ಉತ್ತರ ಕೊಟ್ಟಿತು. ಹತ್ತಿರದ ತೆರೆದ ಗಣಿಯ ನಕ್ಷೆ ನೋಡಿ ಉದ್ದ ಕ್ಲೀಟ್ ಉತ್ತರ ದಕ್ಷಿಣಕ್ಕೆ ಓಡುತ್ತದೆ ಅಂದುಕೊಂಡಿದ್ದೆವು. ಬೆಂಕಿ ಹಚ್ಚಬೇಕೆಂದಿದ್ದದ್ದೂ ಉತ್ತರದ ಬೋರ್‌ನಲ್ಲೇ. ಆದರೆ ಹೊರಬಂದ 150 ಲೀಟರ್‌ನಲ್ಲಿ 130 ಪೂರ್ವ ಪಶ್ಚಿಮದ್ದು. ಸೋರಿಕೆ ಇದ್ದರೂ ಆ ಅನುಪಾತ ಸುಳ್ಳು ಹೇಳಿರಲಿಲ್ಲ. ಒಂದೆರಡು ಕಿಲೋಮೀಟರ್ ಆಚೆಯ ಗಣಿ ಗೋಡೆಯಲ್ಲಿ ಕಂಡ ದಿಕ್ಕೇ ಇಲ್ಲೂ ಇರಬೇಕು ಅಂತ ಯಾವ ಕಾನೂನೂ ಇಲ್ಲ. ಹೊಸ ಬೋರ್ ಅನ್ನು ಪೂರ್ವ ಪಶ್ಚಿಮದ ಗೆರೆ ಮೇಲೇ ಕೊರೆದೆವು. ಸಿಮೆಂಟಿಗೆ 72 ಗಂಟೆ ಕಾದೆವು, ದಾದಾ ಹ್ಞೂಂ ಅಂದ ಮೇಲೆಯೇ ಒತ್ತಡ ಕೊಟ್ಟು ನೋಡಿದೆವು. ಏನೇ ಆದರೂ 13 ಬಾರ್ ದಾಟಬಾರದು ಅಂತ ವಾಲ್ವ್‌ಗೆ ಬೀಗ. ಹೊರದಾರಿ ಬೋರ್‌ಗಳಿಗೆ ಈ ಸಲ ಪಂಪ್ ಇಳಿಸಿ ನೀರು ಎತ್ತುತ್ತಲೇ ಇದ್ದೆವು. ಮೊದಲ ಸಲ ಖರ್ಚು ಉಳಿಸಲು ಅದನ್ನು ಬಿಟ್ಟಿದ್ದೆವು. ಗಾಳಿ ನೂರು ಮೀಟರ್ ನೀರಿನೊಳಗೆ ಗುಳ್ಳೆಯಾಗಿ ಏರಿ ಬರಬೇಕಿತ್ತು, ಪಾಪ.

ಐದು ವಾರ ಹಿಡಿಯಿತು. ಕೊನೆಗೆ 11 ಬಾರ್‌ನಲ್ಲಿ 16 ಸಿಎಫ್‌ಎಂ ಒಳಗೆ, ಅಂದರೆ ಗಂಟೆಗೆ 27 ಘನ ಮೀಟರ್. ಹೊರಗೆ 19. ಆ ರಾತ್ರಿಯ 105 ಸಿಎಫ್‌ಎಂ ನೋಡಿ ಕುಣಿದವರಿಗೆ 16 ಸಪ್ಪೆ ಅನ್ನಿಸಿತು. ಆದರೆ ನೂರಕ್ಕೆ ಎಪ್ಪತ್ತು ಪಾಲು ಕಣ್ಣೆದುರಿಗಿತ್ತು, ಮರಳುಗಲ್ಲಿನ ನೀರು ಐದು ಸೆಂಟಿಮೀಟರ್ ಒಳಗೇ ಆಡುತ್ತಿತ್ತು. ಈ ಎಪ್ಪತ್ತರಲ್ಲಿ ಸಿಮೆಂಟಿನ ಪಾಲೆಷ್ಟು, ಪಂಪಿನ ಪಾಲೆಷ್ಟು ಅಂತ ಕೇಳಿದರೆ ಹೇಳಲಾರೆ. ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದೆವು. ಪ್ರಯೋಗ ಅಂತ ನೋಡಿದರೆ ಅದೂ ತಪ್ಪೇ. ಮತ್ತೆ ಮಾಡುವವರು ಒಂದೊಂದಾಗಿ ಬದಲಾಯಿಸಿ.

ಇದನ್ನು ಓದುವ ಯಾರಾದರೂ ಇಂಥ ಪರೀಕ್ಷೆ ಮಾಡುವವರಿದ್ದರೆ ನನ್ನಿಂದ ಎರಡು ಮಾತು. ಒಳಹೋದದ್ದು, ಹೊರಬಂದದ್ದು, ಮೇಲಿನ ನೀರಿನ ಮಟ್ಟ, ಈ ಮೂರನ್ನೂ ಒಂದೇ ಹಾಳೆಯಲ್ಲಿ, ಒಂದೇ ಅಳತೆಯಲ್ಲಿ, ಒಬ್ಬರ ಕೈಯಲ್ಲೇ ಬರೆಸಿ. ಮತ್ತೆ, ಒತ್ತಡ ದಿಢೀರನೆ ಇಳಿದರೆ ಚಹಾಕ್ಕೆ ಹೇಳುವ ಮುಂಚೆ ಹೊರದಾರಿಯ ಮೀಟರ್ ನೋಡಿ. ದಾರಿ ತೆರೆದರೂ ಗೇಜ್ ಹಾಗೇ ಇಳಿಯುತ್ತದೆ, ಸೋರಿದರೂ ಹಾಗೇ ಇಳಿಯುತ್ತದೆ. ಗೇಜಿಗೆ ವ್ಯತ್ಯಾಸ ಗೊತ್ತಿಲ್ಲ.

ಆ ಬ್ಲಾಕ್‌ನಲ್ಲಿ ನಾನಿದ್ದಷ್ಟು ದಿನ ಬೆಂಕಿ ಹಚ್ಚಲಿಲ್ಲ. ಅಷ್ಟರಲ್ಲಿ ವರ್ಷದ ಬಜೆಟ್ ಮುಗಿದಿತ್ತು. ನಡುವಿನ ಹಳೇ ಬೋರ್ ಮೇಲೆ ಈಗ ಒಂದು ಸಿಮೆಂಟ್ ಕಟ್ಟೆ ಇದೆ, ಕಾವಲಿನವರು ಮಧ್ಯಾಹ್ನ ಅದರ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ. ಮರಳುಗಲ್ಲಿನ ಬೋರ್‌ಗೆ ದಿನಕ್ಕೆ ಆರು ಸಲ ಟೇಪ್ ಇಳಿಯುತ್ತದೆ. ಆ ರಿಜಿಸ್ಟರ್‌ನಲ್ಲಿ ಮಳೆ ಅಂತ ಬರೆಯಬೇಕಾದರೆ ಪಕ್ಕದಲ್ಲಿ ಮಳೆಮಾಪಕದ ಅಂಕಿಯನ್ನೂ ಬರೆಯಬೇಕು ಅಂತ ನಿಯಮ ಮಾಡಿದ್ದು ಆ ಹುಬ್ಬಳ್ಳಿ ಹುಡುಗಿ.